ತುರುಪಿನ ಮೂರು

ನನ್ನ ಭಾವ ಅಡೆಲ್ಮೊ ನಮ್ಮ ಮನೆಗೆ ಬಂದರೆ ಮೊದಲು ವಿಚಾರಿಸುವುದು ನನ್ನನ್ನಲ್ಲ, ತಮ್ಮನಾದ ನನ್ನ ಗಂಡನನ್ನೂ ಅಲ್ಲ. ತಮ್ಮನ ಹೊಟ್ಟೆಯ ಬಲಭಾಗದ ಕಡೆ ನೋಡಿ, "ನಮ್ಮ ಹುಡುಗ ಹೇಗಿದಾನೆ? ನೀರು ಕೊಟ್ಯಾ ಅವನಿಗೆ?" ಎಂದು ಕೇಳುತ್ತಾರೆ. ಹುಡುಗ ಎಂದರೆ ಕಿಡ್ನಿ. ನನ್ನ ಗಂಡ ಲೋರಿಸ್‌ನ ಎರಡೂ ಕಿಡ್ನಿಗಳು ಕೈಕೊಟ್ಟಾಗ ಅಡೆಲ್ಮೊ ಭಾವ ತಮ್ಮದೊಂದನ್ನು ತೆಗೆಸಿ ಕೊಟ್ಟರು. ದೊಡ್ಡ ಮನಸ್ಸಿನಿಂದಲೇ ಕೊಟ್ಟರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಟ್ಟ ಮೇಲೆ ಸುಮ್ಮನಿರುವ ಸ್ವಭಾವ ಅವರದ್ದಲ್ಲ. ಮಗಳನ್ನು ಕೊಟ್ಟ ಮನೆಗೆ ತಂದೆ ಬಂದು ಹೋದ ಹಾಗೆ ಬಂದು ಹೋಗುತ್ತಾರೆ. ನನ್ನ ಸಾರಿನ ಪಾತ್ರೆಗೆ ಚಮಚ ಹಾಕಿ ರುಚಿ ನೋಡಿ, ಹುಡುಗನಿಗೆ ಇಷ್ಟು ಉಪ್ಪು ಆಗಲ್ಲ ಎನ್ನುತ್ತಾರೆ. ಲೋರಿಸ್ ಎರಡನೇ ಲೋಟ ವೈನ್‌ಗೆ ಕೈ ಹಾಕಿದರೆ ಲೋಟವನ್ನೇ ಎತ್ತಿ ಆ ಕಡೆ ಇಡುತ್ತಾರೆ. ಒಂದು ದಿನ ಲೋರಿಸ್‌ಗೆ ರೇಗಿ, ಬೇಕಾದರೆ ನಿನ್ನದನ್ನು ವಾಪಸ್ ತಗೊಂಡು ಹೋಗು ಎಂದ. ಭಾವ, ನೀನು ಇಟ್ಟುಕೊಂಡಿರುವ ಸ್ಥಿತಿ ನೋಡಿದರೆ ವಾಪಸ್ ತಗೊಳ್ಳಲು ನಾಚಿಕೆಯಾಗುತ್ತದೆ ಎಂದರು. ಅಣ್ಣತಮ್ಮಂದಿರ ಪ್ರೀತಿ ನಮ್ಮ ಮನೆಯಲ್ಲಿ ಹೀಗಿದೆ.

ನಾವಿರುವುದು ಪೋ ನದಿ ಸಮುದ್ರ ಸೇರುವ ಕಡೆ. ನೆಲಕ್ಕಿಂತ ನೀರೇ ಹೆಚ್ಚು. ಭತ್ತದ ಗದ್ದೆ, ಕಾಲುವೆ, ಜೊಂಡು, ಬೇಸಿಗೆಯಲ್ಲಿ ಸೊಳ್ಳೆ. ಲೋರಿಸ್‌ನ ಕೆಲಸ ಕಾಲುವೆಗಳ ತೂಬು ಏರಿಸಿ ಇಳಿಸುವುದು. ಸಂಜೆ ಹೊತ್ತು ಅರ್ಧ ಚಡ್ಡಿ ಹಾಕಿಕೊಂಡು ಸೈಕಲ್ ಮೇಲೆ ಹೋಗಿ ಗದ್ದೆಗೆ ನೀರು ಬಿಟ್ಟು ಬರುತ್ತಾನೆ. ಸೊಳ್ಳೆ ಕಚ್ಚುವುದಿಲ್ಲವೇ ಎಂದರೆ, ಅವಕ್ಕೆ ನನ್ನ ಪರಿಚಯವಿದೆ ಎನ್ನುತ್ತಾನೆ. ಭಾವ ಮೊದಲು ಹಾವುಮೀನು ಹಿಡಿಯುತ್ತಿದ್ದರು, ಈಗ ಬಿಟ್ಟಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ದಿನಕ್ಕೆ ಉಳಿದಿರುವುದು ಎರಡೇ ಕೆಲಸ: ಹುಡುಗನನ್ನು ವಿಚಾರಿಸುವುದು, ಇಸ್ಪೀಟು ಆಡುವುದು.

ನಮ್ಮ ಕಡೆ ಆಡುವ ಆಟದ ಹೆಸರು ಬ್ರಿಸ್ಕೋಲ. ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ಎಲೆಗಳ ಬಣ್ಣ ನಾಲ್ಕು: ಕತ್ತಿ, ನಾಣ್ಯ, ಬಟ್ಟಲು, ದೊಣ್ಣೆ. ಬಾಯಿ ಬಿಟ್ಟು ಮಾತಾಡುವಂತಿಲ್ಲ, ಆದರೆ ಮುಖದಲ್ಲಿ ಸನ್ನೆ ಮಾಡಬಹುದು. ಎದುರಾಳಿ ನೋಡದಂತೆ ಮಾಡಬೇಕು, ಅಷ್ಟೆ. ತುಟಿ ಮುಂದೆ ಮಾಡಿದರೆ ತುರುಪಿನ ಎಕ್ಕ ನನ್ನ ಹತ್ತಿರ ಇದೆ ಎಂದರ್ಥ. ಕಣ್ಣು ಮೇಲೆತ್ತಿದರೆ ರಾಜ. ಭುಜ ಹಾರಿಸಿದರೆ ಕುದುರೆ. ಬಾಯಿಯ ಒಂದು ಕೊನೆಯನ್ನು ಸೊಟ್ಟ ಎಳೆದರೆ ತುರುಪಿನ ಮೂರು. ನಮ್ಮ ಆಟದಲ್ಲಿ ಎಕ್ಕದ ನಂತರ ದೊಡ್ಡ ಎಲೆ ಮೂರೇ. ಏಕೆ ಎಂದು ಕೇಳಬೇಡಿ, ಅಜ್ಜಂದಿರ ಕಾಲದಿಂದ ಹಾಗೇ ಇದೆ.

ಅಡೆಲ್ಮೊ ಭಾವ ಮತ್ತು ಲೋರಿಸ್ ಮೀಸೆ ಮೂಡುವ ಮೊದಲಿನಿಂದ ಜೋಡಿ. ಕಾಲುವೆಯ ಪಕ್ಕದ ಬಾರಿನಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ, ಅವರಿಬ್ಬರ ಎದುರು ಕೂರಲು ಜನ ಹೆದರುತ್ತಾರೆ. ಲೋರಿಸ್‌ನ ಬಾಯಿ ಕೂದಲೆಳೆಯಷ್ಟು ಅಲ್ಲಾಡಿದರೆ ಸಾಕು, ಭಾವನಿಗೆ ಅವನ ಕೈಯಲ್ಲಿರುವ ಎಲೆಗಳೆಲ್ಲ ಗೊತ್ತಾಗುತ್ತವೆ. ನನಗೆ ನನ್ನ ಗಂಡನ ಮುಖ ಅಷ್ಟು ಓದಲು ಬಂದಿದ್ದರೆ ಎಷ್ಟೋ ಜಗಳ ಉಳಿಯುತ್ತಿತ್ತು.

ಆಗಸ್ಟ್ ನಡುವಿನ ಹಬ್ಬದ ಶನಿವಾರ ಬಾರಿನಲ್ಲಿ ಪಂದ್ಯವಿತ್ತು. ಬಹುಮಾನ ಒಂದು ಇಡೀ ಹ್ಯಾಮ್, ಉಪ್ಪು ಸವರಿ ಒಣಗಿಸಿದ ಹಂದಿಯ ತೊಡೆ. ಅದನ್ನು ಎಲ್ಲರಿಗೂ ಕಾಣುವ ಹಾಗೆ ಚಪ್ಪರಕ್ಕೆ ನೇತುಹಾಕಿದ್ದರು. ಕೊನೆಯ ಆಟದಲ್ಲಿ ನಮ್ಮವರ ಎದುರು ಪಕ್ಕದ ಊರಿನವರು. ಎಲ್ಲರ ಕೈಯಲ್ಲೂ ಕೊನೆಯ ಎರಡೆರಡು ಎಲೆ. ಆಡುವ ಸರದಿ ಭಾವನದ್ದು. ತುರುಪು ಕತ್ತಿ. ಭಾವ ಕೈಯಲ್ಲಿ ನಾಣ್ಯದ ಎಕ್ಕ ಹಿಡಿದುಕೊಂಡು ತಮ್ಮನ ಮುಖ ನೋಡಿದರು. ಲೋರಿಸ್‌ನ ಬಾಯಿಯ ಬಲಕೊನೆ ಒಂದು ಸಲ ಸೊಟ್ಟ ಹೋಯಿತು, ಮತ್ತೊಂದು ಸಲ ಹೋಯಿತು. ನಾನು ಪಕ್ಕದ ಬೆಂಚಿನಲ್ಲಿ ಕಲ್ಲಂಗಡಿ ತಿನ್ನುತ್ತಿದ್ದೆ, ನನಗೇ ಕಂಡಿತು. ಭಾವ ಎಕ್ಕವನ್ನು ಮೇಜಿಗೆ ಬಡಿದು ಹಾಕಿದರು. ಎದುರಾಳಿ ಅದರ ಮೇಲೆ ತುರುಪಿನ ಕುದುರೆ ಹಾಕಿದ. ಎಲ್ಲರೂ ಲೋರಿಸ್‌ನ ಕಡೆ ತಿರುಗಿದೆವು. ಲೋರಿಸ್ ಬಟ್ಟಲಿನ ಎರಡನ್ನು ಇಟ್ಟ. ಯಾವ ಕೆಲಸಕ್ಕೂ ಬಾರದ ಎಲೆ ಅದು.

ಹ್ಯಾಮ್ ಪಕ್ಕದ ಊರಿಗೆ ಹೋಯಿತು. ಭಾವ ಎದ್ದು ನಿಂತು ಇಡೀ ಬಾರಿಗೆ ಕೇಳುವ ಹಾಗೆ ಮೂರು ಎಲ್ಲಿ ಎಂದು ಕೇಳಿದರು. ಯಾವ ಮೂರು ಎಂದ ಲೋರಿಸ್. ನೀನು ಬಾಯಿ ಸೊಟ್ಟ ಮಾಡಿದೆ ಎಂದರು. ನಾನು ಏನೂ ಮಾಡಿಲ್ಲ ಎಂದ. ಮಾಡಿದ್ದನ್ನು ನಾನು ನೋಡಿದ್ದೆನಲ್ಲ, ಗಂಡನ ಪರ ವಹಿಸಲೂ ಆಗಲಿಲ್ಲ. ಭಾವ ಅವನನ್ನು ಸುಳ್ಳ ಎಂದರು, ಮೋಸಗಾರ ಎಂದರು, ಮುದಿ ಕತ್ತೆ ಎಂದರು. ಲೋರಿಸ್ ಸೈಕಲ್ ಹತ್ತಿ ಮನೆಗೆ ಬಂದ. ಆ ದಿನದಿಂದ ಅಣ್ಣತಮ್ಮಂದಿರ ಮಾತು ನಿಂತಿತು.

ಸೋಮವಾರ ಲೋರಿಸ್ ಎಂದಿನಂತೆ ಕಿಡ್ನಿ ತಪಾಸಣೆಗೆ ಹೋದ. ಬೇರೆಯವರ ಕಿಡ್ನಿ ಹಾಕಿಸಿಕೊಂಡವರು ಜೀವನವಿಡೀ ಒಂದು ಮಾತ್ರೆ ತಿನ್ನಬೇಕು. ಇಲ್ಲದಿದ್ದರೆ ಮೈಯ ಕಾವಲು ಶಕ್ತಿ ಎದ್ದು, ಇದು ನಮ್ಮದಲ್ಲ ಎಂದು ಆ ಕಿಡ್ನಿಯನ್ನು ಹಾಳು ಮಾಡುತ್ತದೆ. ರಕ್ತದಲ್ಲಿ ಮಾತ್ರೆಯ ಅಂಶ ಸಾಲದು ಎಂದು ಅಂದು ಪ್ರಮಾಣ ಹೆಚ್ಚಿಸಿದರು. ಮೂರನೆಯ ದಿನಕ್ಕೆ ಲೋರಿಸ್‌ನ ಕೈ ನಡುಗಲು ಶುರುವಾಯಿತು. ಸಣ್ಣಗೆ ಜ್ವರ ಬಂತು. ಕಾಫಿಗೆ ಉಪ್ಪು ಹಾಕಿಕೊಂಡು, ಚೆನ್ನಾಗಿದೆ ಎನ್ನುತ್ತಾ ಕುಡಿದ. ಆಮೇಲೆ ನನ್ನನ್ನು ನನ್ನ ಅತ್ತೆಯ ಹೆಸರು ಹಿಡಿದು ಕರೆದ. ಬೇರೆ ದಿನವಾಗಿದ್ದರೆ ಅದಕ್ಕೆ ಅವನಿಗೆ ರಾತ್ರಿ ಊಟ ಇರುತ್ತಿರಲಿಲ್ಲ. ಅಂದು ನನಗೆ ಭಯವಾಯಿತು. ಆಂಬುಲೆನ್ಸ್ ಕರೆಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆ.

ಆಸ್ಪತ್ರೆಯಲ್ಲಿ ಮೊದಲು ಮಾತ್ರೆಯ ಮೇಲೆ ಅನುಮಾನ ಬಂತು. ಆ ಮಾತ್ರೆ ಹೆಚ್ಚಾದರೆ ಕೈ ನಡುಗುತ್ತದಂತೆ, ಮಂಕು ಕವಿಯುತ್ತದಂತೆ. ಸೋಮವಾರ ಪ್ರಮಾಣ ಹೆಚ್ಚಿಸಿದ್ದಾರೆ, ಬುಧವಾರ ನಡುಕ ಬಂದಿದೆ, ಲೆಕ್ಕ ಸರಿಹೋಯಿತು ಎಂದರು. ಪ್ರಮಾಣವನ್ನು ಮೊದಲಿನಷ್ಟಕ್ಕೆ ಇಳಿಸಿದರು. ಲೋರಿಸ್ ಸುಧಾರಿಸಲಿಲ್ಲ, ಇನ್ನಷ್ಟು ಮಂಪರಿಗೆ ಹೋದ. ಆಗ ಬೆನ್ನಿನಿಂದ ನೀರು ತೆಗೆದು ನೋಡಿದರು, ತಲೆಯ ಚಿತ್ರ ತೆಗೆದರು. ನಮ್ಮ ಕಡೆ ಬೇಸಿಗೆಯಲ್ಲಿ ಸೊಳ್ಳೆಯಿಂದ ಬರುವ ವೆಸ್ಟ್ ನೈಲ್ ಎಂಬ ಜ್ವರವಿದೆ, ಕೆಲವರಿಗೆ ಅದು ಮಿದುಳಿಗೆ ಏರುತ್ತದೆ. ಅದಕ್ಕೂ ಪರೀಕ್ಷೆ ಮಾಡಿದರು. ಆ ರೋಗಾಣುವಿನ ವಿರುದ್ಧ ಮೈ ತಯಾರಿಸಿಕೊಳ್ಳುವ ಪ್ರತಿಕಾಯ ರಕ್ತದಲ್ಲೂ ಇರಲಿಲ್ಲ, ಬೆನ್ನಿನ ನೀರಿನಲ್ಲೂ ಇರಲಿಲ್ಲ. ಬೆನ್ನಿನ ನೀರಿನಲ್ಲಿ ರೋಗಾಣುವೂ ಸಿಗಲಿಲ್ಲ. ಚಿತ್ರದಲ್ಲಿ ಏನೂ ಕಾಣಲಿಲ್ಲ. ವಾರ್ಡಿನ ದೊಡ್ಡವರಾದ ಪ್ರೊಫೆಸರರು ವೆಸ್ಟ್ ನೈಲ್ ಅಲ್ಲ ಎಂದು ಅದನ್ನು ಬದಿಗಿಟ್ಟರು.

ಅವರ ಕೈಕೆಳಗೆ ಬೆನಾಸ್ಸಿ ಎಂಬ ಡಾಕ್ಟರಮ್ಮ ಇದ್ದರು. ಕೂದಲನ್ನು ಪೆನ್ನಿನಿಂದ ಸಿಕ್ಕಿಸಿಕೊಂಡು ಆಮೇಲೆ ಪೆನ್ನು ಎಲ್ಲಿ ಎಂದು ಹುಡುಕುವ ಹೆಂಗಸು. ಅವರು ನನ್ನನ್ನು ಕೂರಿಸಿಕೊಂಡು, ಸೋಮವಾರಕ್ಕೆ ಮೊದಲು ಇವರಲ್ಲಿ ಏನಾದರೂ ವ್ಯತ್ಯಾಸ ಕಂಡಿತ್ತೇ ಎಂದು ಕೇಳಿದರು. ಇಲ್ಲ, ಕಲ್ಲುಗುಂಡಿನ ಹಾಗಿದ್ದ ಎಂದೆ. ಬೇಜಾರು, ಸಿಟ್ಟು, ಮರೆವು ಏನಾದರೂ ಎಂದರು. ಏನೂ ಇಲ್ಲ ಎಂದೆ. ಇಸ್ಪೀಟಿನ ಜಗಳದ ವಿಷಯ ನನ್ನ ನಾಲಿಗೆಯ ತುದಿಯವರೆಗೂ ಬರಲಿಲ್ಲ. ಮನೆಯ ಜಗಳವನ್ನು ಡಾಕ್ಟರ ಮುಂದೆ ಯಾರಾದರೂ ಹರಡುತ್ತಾರೆಯೇ? ಅದೂ ಒಂದು ಹಂದಿ ತೊಡೆಗಾಗಿ ಆದ ಜಗಳ.

ಭಾವ ದಿನವೂ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಂದು ವಾರ್ಡಿನ ಹೊರಗಿನ ಬೆಂಚಿನಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟು ಕೂರುತ್ತಿದ್ದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಅವನೇ ಮೊದಲು ತಪ್ಪಾಯಿತು ಅನ್ನಲಿ ಎನ್ನುತ್ತಿದ್ದರು. ಅವನಿಗೆ ತನ್ನ ಹೆಸರೇ ನೆನಪಿಲ್ಲ, ತಪ್ಪನ್ನು ಎಲ್ಲಿಂದ ತರಲಿ ಎಂದು ಗದರಿದೆ. ಒಂದು ಬಾಟಲಿ ನೀರು ನನ್ನ ಕೈಗಿಟ್ಟು, ಇದು ಹುಡುಗನಿಗೆ ಎನ್ನುತ್ತಿದ್ದರು. ತಮ್ಮನ ಜೊತೆ ಮಾತಿಲ್ಲ, ಹುಡುಗನ ಜೊತೆ ಇದೆ. ನನಗೆ ಅಳುವುದೋ ಆ ಬಾಟಲಿಯಿಂದಲೇ ಅವರಿಗೆ ಎರಡು ಬಿಡುವುದೋ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪ್ರೊಫೆಸರರು ತೀರ್ಮಾನಕ್ಕೆ ಬಂದರು. ಸೋಂಕು ಕಾಣುತ್ತಿಲ್ಲ, ಮಾತ್ರೆ ಇಳಿಸಿದರೂ ಗುಣವಿಲ್ಲ, ಹಾಗಾದರೆ ಮೈಯ ಕಾವಲು ಶಕ್ತಿಯೇ ದಾರಿ ತಪ್ಪಿ ಮಿದುಳಿನ ಮೇಲೆ ಬಿದ್ದಿರಬೇಕು. ಮಾರನೆಯ ಬೆಳಿಗ್ಗೆಯಿಂದ ಅದನ್ನು ಪೂರ್ತಿ ಅಡಗಿಸುವ ಬಲವಾದ ಮದ್ದು ಕೊಡೋಣ ಎಂದರು. ಪ್ರೊಫೆಸರರು ಹೋದ ಮೇಲೂ ಬೆನಾಸ್ಸಿ ಡಾಕ್ಟರಮ್ಮ ಮಂಚದ ಪಕ್ಕದಲ್ಲೇ ನಿಂತಿದ್ದರು. ಇದರಿಂದ ಗುಣವಾಗುತ್ತದಲ್ಲ ಎಂದು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಪ್ರೊಫೆಸರರ ಊಹೆ ಸರಿಯಿದ್ದರೆ ಆಗುತ್ತದೆ ಎಂದರು. ಒಳಗೆ ಎಲ್ಲೋ ರೋಗಾಣು ಅಡಗಿದ್ದು ನಾವು ಕಂಡಿಲ್ಲದಿದ್ದರೆ, ಈ ಮದ್ದು ಕೊಡುವುದೆಂದರೆ ಅದಕ್ಕೆ ಬಾಗಿಲು ತೆರೆದು ಕೊಟ್ಟ ಹಾಗೆ, ಇವರು ಉಳಿಯುವುದು ಕಷ್ಟ ಎಂದರು.

ನಾನು ಹೊರಗೆ ಬಂದು ಭಾವನ ಮುಂದೆ ನಿಂತು ಅಳುತ್ತಾ ಎಲ್ಲ ಹೇಳಿದೆ. ನಾಳೆ ಬೆಳಿಗ್ಗೆ ಏನಾಗುತ್ತದೋ ಗೊತ್ತಿಲ್ಲ, ಒಳಗೆ ಬಂದು ನಿಮ್ಮ ತಮ್ಮನ ಮುಖ ನೋಡಿ, ಇಲ್ಲವಾದರೆ ಇನ್ನು ಮುಂದೆ ನನ್ನ ಮನೆಯ ಹೊಸಿಲು ತುಳಿಯಬೇಡಿ ಎಂದೆ. ಭಾವ ಎದ್ದರು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಹಿಂದೆ ಬಂದು ಮಂಚದ ಕಾಲಿನ ಕಡೆ ನಿಂತರು.

ಲೋರಿಸ್ ಕಣ್ಣು ಮುಚ್ಚಿ ಮಂಪರಿನಲ್ಲಿದ್ದ. ಗಡ್ಡ ಬೆಳೆದಿತ್ತು. ಡಾಕ್ಟರಮ್ಮ ಅವನ ಕೈ ಎತ್ತಿ ನಡುಕ ನೋಡುತ್ತಿದ್ದರು. ಆಗ ಅವನ ಬಾಯಿಯ ಬಲಕೊನೆ ಸರಕ್ಕನೆ ಸೊಟ್ಟ ಹೋಗಿ ಸರಿಯಾಯಿತು. ಒಂದು ಗಳಿಗೆ ಬಿಟ್ಟು ಮತ್ತೆ ಹೋಯಿತು.

"ನೋಡು, ನೋಡು!" ಎಂದರು ಭಾವ. ಇಡೀ ವಾರ್ಡು ತಿರುಗಿ ನೋಡಿತು. "ಇದೇ. ಅವತ್ತು ಮಾಡಿದ್ದು ಇದನ್ನೇ. ಮಾಡಿಲ್ಲ ಮಾಡಿಲ್ಲ ಅಂದ್ಯಲ್ಲೋ, ಈಗ ಮತ್ತೆ ತುರುಪಿನ ಮೂರು ತೋರಿಸ್ತಿದೀಯ."

ಅಷ್ಟು ಹೇಳಿ ಅವರು ನಿಂತುಬಿಟ್ಟರು. ಮಂಚದ ಮೇಲೆ ಮಲಗಿದವನ ಕೈಯಲ್ಲಿ ಎಲೆ ಇರಲಿಲ್ಲ. ಎದುರಿಗೆ ಆಟವೂ ಇರಲಿಲ್ಲ. ಭಾವನ ಮುಖದಿಂದ ಸಿಟ್ಟು ಇಳಿದು ಹೋದದ್ದನ್ನು ನಾನು ನೋಡಿದೆ. ಅವರು ಟೋಪಿಯಿಂದ ಬಾಯಿ ಮುಚ್ಚಿಕೊಂಡರು.

ಡಾಕ್ಟರಮ್ಮ ಲೋರಿಸ್‌ನ ಕೈಯನ್ನು ಮೆಲ್ಲಗೆ ಇಳಿಸಿ, ಏನದು ತುರುಪಿನ ಮೂರು ಎಂದು ಕೇಳಿದರು. ನಾನೇ ಹೇಳಿದೆ. ಪಂದ್ಯ, ಎಕ್ಕ, ಸೊಟ್ಟ ಬಾಯಿ, ಬಟ್ಟಲಿನ ಎರಡು, ಹ್ಯಾಮ್, ಮುದಿ ಕತ್ತೆ, ಎಲ್ಲ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ. ಆ ಊರುಗಳ ಕಡೆಯವರೇ, ಆಟ ಗೊತ್ತಿತ್ತು. ಕೇಳಿದ್ದು ಒಂದೇ ಮಾತು.

"ಅಡೆಲ್ಮೊ ಅವರೇ, ಸರಿಯಾಗಿ ಯೋಚನೆ ಮಾಡಿ ಹೇಳಿ. ಇದು ಸೋಮವಾರಕ್ಕೆ ಮುಂಚೆನೋ ಆಮೇಲೋ?"

"ಶನಿವಾರ, ಡಾಕ್ಟರಮ್ಮ. ಹಬ್ಬದ ಶನಿವಾರ. ಊರಿಗೆ ಊರೇ ನೋಡಿದೆ."

ಡಾಕ್ಟರಮ್ಮ ನಮ್ಮಿಬ್ಬರನ್ನೂ ಕಾರಿಡಾರಿಗೆ ಕರೆದುಕೊಂಡು ಬಂದರು. ಮಾತ್ರೆ ಹೆಚ್ಚಿಸಿದ್ದು ಸೋಮವಾರ, ಬಾಯಿ ಸೊಟ್ಟ ಹೋದದ್ದು ಅದಕ್ಕೂ ಮೊದಲು, ಹಾಗಾದರೆ ಇದು ಮಾತ್ರೆಯಿಂದ ಶುರುವಾದದ್ದಲ್ಲ ಎಂದರು. ಆ ಮಾತ್ರೆ ಕೈ ನಡುಗಿಸುತ್ತದೆ ನಿಜ, ಹೀಗೆ ಮುಖವನ್ನು ಸರಕ್ಕನೆ ಎಳೆಯುವುದು ಅದರ ರೀತಿಯಲ್ಲ. ವೆಸ್ಟ್ ನೈಲ್ ಮಿದುಳಿಗೆ ಏರಿದವರಲ್ಲಿ ಮುಖ, ತೋಳು ಹೀಗೆ ಎಳೆಯುವುದನ್ನು ತಾವು ನೋಡಿರುವುದಾಗಿ ಹೇಳಿದರು. ಲೋರಿಸ್ ಸಂಜೆ ಹೊತ್ತು ಎಲ್ಲಿರುತ್ತಾನೆ ಎಂದು ಕೇಳಿದರು. ಅರ್ಧ ಚಡ್ಡಿ ಹಾಕಿಕೊಂಡು ತೂಬಿನ ಹತ್ತಿರ ಎಂದೆ. ಸೊಳ್ಳೆಗಳ ಜೊತೆ ಅವನಿಗಿರುವ ಪರಿಚಯದ ಬಗ್ಗೆಯೂ ಹೇಳಿದೆ. ಆದರೆ ನೀವೇ ಪರೀಕ್ಷೆ ಮಾಡಿ ಇಲ್ಲ ಎಂದಿರಲ್ಲ ಎಂದು ಕೇಳಿದೆ.

"ಒರ್ನೆಲ್ಲಾ ಅವರೇ, ಮನೆಗೆ ಕಳ್ಳ ಬಂದಿದ್ನಾ ಅಂತ ನಾವು ನಾಯಿ ಬೊಗಳೋದು ಕೇಳಿ ಹೇಳ್ತೀವಿ. ಪ್ರತಿಕಾಯದ ಪರೀಕ್ಷೆ ಅಂದ್ರೆ ಅಷ್ಟೇ," ಎಂದರು ಡಾಕ್ಟರಮ್ಮ. "ನಿಮ್ಮ ಯಜಮಾನರ ನಾಯಿಗೆ ಇಷ್ಟು ವರ್ಷ ನಾವೇ ನಿದ್ದೆ ಮಾತ್ರೆ ಹಾಕ್ತಾ ಬಂದಿದೀವಿ, ಅಣ್ಣನ ಕಿಡ್ನಿನ ಕಚ್ಚದೆ ಇರ್ಲಿ ಅಂತ. ಅದು ಬೊಗಳಲಿಲ್ಲ ಅಂದ ಮಾತ್ರಕ್ಕೆ ಕಳ್ಳ ಬಂದಿಲ್ಲ ಅಂತ ಅಲ್ಲ. ಈಗ ಕಳ್ಳನ್ನೇ ಹುಡುಕಬೇಕು."

ಅಷ್ಟು ದಿನ ಎಷ್ಟೋ ಜನ ಎಷ್ಟೋ ಹೇಳಿದ್ದರು, ಒಂದೂ ತಲೆಗೆ ಹೋಗಿರಲಿಲ್ಲ. ಇದು ಒಂದೇ ಸಲಕ್ಕೆ ಹೋಯಿತು. ಬೆನ್ನಿನ ನೀರಿನಲ್ಲಿ ಕಳ್ಳ ಸಿಗಲಿಲ್ಲವಲ್ಲ ಎಂದು ಕೇಳಿದೆ. ಆ ನೀರಿನಲ್ಲಿ ಅದು ಬೇಗ ಮರೆಯಾಗುತ್ತದೆ, ಆದರೆ ಮೂತ್ರದಲ್ಲಿ ತುಂಬ ದಿನ ಉಳಿಯುತ್ತದೆ, ಅಲ್ಲಿ ಯಾರೂ ಹುಡುಕಿಲ್ಲ ಎಂದರು.

ಅವರು ಪ್ರೊಫೆಸರರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿಂದ ಪ್ರೊಫೆಸರರ ದನಿ ಏರಿತು, ಇಸ್ಪೀಟು ಎನ್ನುವ ಪದ ಎರಡು ಮೂರು ಸಲ ಕೇಳಿಸಿತು. ಹೊರಗೆ ಬಂದಾಗ ಡಾಕ್ಟರಮ್ಮನ ಕಿವಿ ಕೆಂಪಾಗಿತ್ತು. ಬಲವಾದ ಮದ್ದನ್ನು ಒಂದು ದಿನ ಮುಂದೆ ಹಾಕಲು ಒಪ್ಪಿದ್ದಾರೆ, ಒಂದೇ ದಿನ ಎಂದರು. ಲೋರಿಸ್‌ನ ಮೂತ್ರವನ್ನು ಶೀಶೆಗೆ ಹಾಕಿ, ರೋಗಾಣುವನ್ನೇ ಹುಡುಕುವ ಲ್ಯಾಬಿಗೆ ಕಳಿಸಿದರು. ಭಾವ ಆ ಶೀಶೆಯನ್ನು ನೋಡಿ, ನಮ್ಮ ಹುಡುಗನ ಕೆಲಸ ಎಂದು ಮೆಲ್ಲಗೆ ಹೇಳಿದರು. ನನಗೆ ಅಂಥ ಹೊತ್ತಿನಲ್ಲೂ ನಗು ಬಂತು. ನಿಜ, ಆ ಮೂತ್ರ ಸೋಸಿದ್ದು ಅವರ ಕಿಡ್ನಿಯೇ.

ಮಾರನೆಯ ಸಂಜೆ ಉತ್ತರ ಬಂತು. ಮೂತ್ರದಲ್ಲಿ ವೆಸ್ಟ್ ನೈಲ್ ರೋಗಾಣು ಇತ್ತು. ಪ್ರೊಫೆಸರರೇ ಮಂಚದ ಹತ್ತಿರ ಬಂದು ಹೇಳಿದರು, ಹೇಳಿ ಬೆನಾಸ್ಸಿಯವರ ಭುಜ ತಟ್ಟಿದರು. ಕೆಟ್ಟ ಮನುಷ್ಯರಲ್ಲ ಅವರು. ಆ ಬಲವಾದ ಮದ್ದಿನ ಮಾತು ಅಲ್ಲಿಗೆ ನಿಂತಿತು.

ನಾನು ಖುಷಿಯಿಂದ, ಈಗ ಇದಕ್ಕೆ ಮದ್ದು ಕೊಡಿ ಎಂದೆ. ಡಾಕ್ಟರಮ್ಮ ಭಾವನನ್ನೂ ಕರೆದು ಕೂರಿಸಿದರು. ಈ ರೋಗಾಣುವಿಗೆ ಮದ್ದೇ ಇಲ್ಲ, ಲೋರಿಸ್‌ನ ಮೈಯೇ ಅದನ್ನು ಹೊಡೆಯಬೇಕು ಎಂದರು. ಹೊಡೆಯಬೇಕಾದರೆ ನಾಯಿಯನ್ನು ಎಬ್ಬಿಸಬೇಕು, ಅಂದರೆ ಕಿಡ್ನಿ ಕಾಯುವ ಮಾತ್ರೆಯನ್ನು ಬಹಳ ಕಡಿಮೆ ಮಾಡಬೇಕು. ಎದ್ದ ನಾಯಿ ಕಳ್ಳನನ್ನು ಮಾತ್ರ ಕಚ್ಚುತ್ತದೆ ಎಂದು ಹೇಳಲಾಗುವುದಿಲ್ಲ, ಕಿಡ್ನಿಯೂ ಹೋಗಬಹುದು ಎಂದರು.

ಕಾನೂನಿನ ಪ್ರಕಾರ ಕೇಳಬೇಕಾದದ್ದು ನನ್ನನ್ನು. ಸಹಿ ಹಾಕಬೇಕಾದವಳು ನಾನು. ಆದರೆ ನಾನು ಭಾವನ ಕಡೆ ತಿರುಗಿದೆ. ದಿನವೂ ನೀರು ಹೊತ್ತು ತಂದವರು ಅವರು. ಭಾವ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತಾ ನಿಂತರು. ಸಿಟ್ಟು ಬಂದಾಗಲೂ ಅಳು ಬಂದಾಗಲೂ ಅವರು ಕಿಟಕಿಯ ಕಡೆಗೇ ಹೋಗುವುದು.

"ಹುಡುಗನನ್ನ ಅಲ್ಲಿಗೆ ಕಳಿಸಿದ್ದೇ ತಮ್ಮನ್ನ ನೋಡ್ಕೊಳ್ಳಲಿ ಅಂತ," ಎಂದರು ತಿರುಗದೆ. "ಅವನ್ನ ಉಳಿಸೋಕೆ ಹೋಗಿ ತಮ್ಮನ್ನ ಕಳ್ಕೊಂಡ್ರೆ ನಾನು ಯಾರ ಎದುರಿಗೆ ಕೂತು ಆಡ್ಲಿ? ನಾಯಿನ ಎಬ್ಬಿಸಿ, ಡಾಕ್ಟರಮ್ಮ."

ಆಮೇಲೆ ಮಂಚದ ಹತ್ತಿರ ಬಂದು ಬಗ್ಗಿ, ಹೊದಿಕೆಯ ಮೇಲೆ ಲೋರಿಸ್‌ನ ಹೊಟ್ಟೆಯ ಬಲಭಾಗದಲ್ಲಿ ಕೈ ಇಟ್ಟರು. ಸ್ವಲ್ಪ ದಿನ ತಡ್ಕೋ ಮರಿ ಎಂದರು. ಅವರಿಗೆ ಮಕ್ಕಳಿಲ್ಲ. ಮರಿ ಎಂಬ ಮಾತನ್ನು ಅವರು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಭಾವನ ಮೇಲೆ ನನಗಿದ್ದ ಸಿಟ್ಟೆಲ್ಲ ಅಂದೇ ಕರಗಿಹೋಯಿತು. ಹೊಸದಾಗಿ ಸಿಟ್ಟು ಬರಿಸಲು ಅವರಿಗೆ ಬಹಳ ದಿನ ಹಿಡಿಯಲಿಲ್ಲ, ಅದು ಬೇರೆ ಮಾತು.

ಮಾತ್ರೆ ಕಡಿಮೆ ಮಾಡಿದರು. ಜ್ವರ ಮೊದಲು ಏರಿತು, ನಾನು ಡಾಕ್ಟರಮ್ಮನನ್ನು ಮನಸ್ಸಿನಲ್ಲಿ ಬೈದೆ. ಆಮೇಲೆ ಇಳಿಯಿತು. ಭಾವ ಈಗ ಬೆಂಚಿನಲ್ಲಿ ಕೂರುತ್ತಿರಲಿಲ್ಲ, ಒಳಗೇ ಕುರ್ಚಿ ಹಾಕಿಕೊಂಡು ಊರಿನ ಸುದ್ದಿಯೆಲ್ಲ ತಮ್ಮನ ಕಿವಿಗೆ ಹಾಕುತ್ತಿದ್ದರು. ಯಾರ ಗದ್ದೆಗೆ ನೀರು ಹೆಚ್ಚಾಯಿತು, ಲೋರಿಸ್‌ನ ಬದಲಿಗೆ ಬಂದವನಿಗೆ ತೂಬು ಏರಿಸಲೂ ಬರುವುದಿಲ್ಲ, ಇಂಥದ್ದೇ. ಬೆಳಿಗ್ಗೆ ರಕ್ತ ಪರೀಕ್ಷೆಯ ಫಲ ಬಂದಾಗ ನಾವಿಬ್ಬರೂ ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದೆವು. ಕಿಡ್ನಿ ದಿನದಿಂದ ದಿನಕ್ಕೆ ಸೋಲುತ್ತಾ ಬಂತು. ಅರ್ಧಕ್ಕೆ ಇಳಿದು ಅಲ್ಲಿ ನಿಂತಿತು. ಭಾವ ಅದನ್ನು ಕೇಳಿ, ಅರ್ಧವಾದರೂ ಇದಾನಲ್ಲ, ಗಟ್ಟಿ ಪಿಂಡ, ಯಾರ ಮನೆಯವನು ಎಂದರು.

ಲೋರಿಸ್ ಸರಿಯಾಗಿ ಕಣ್ಣು ಬಿಟ್ಟ ದಿನ ನಾನು ಅವನ ಉಗುರು ಕತ್ತರಿಸುತ್ತಿದ್ದೆ. ನನ್ನನ್ನು ನೋಡಿದ, ನನ್ನ ಹೆಸರನ್ನೇ ಹಿಡಿದು ಕರೆದ. ಆಮೇಲೆ ಅಣ್ಣನ ಕಡೆ ತಿರುಗಿದ.

"ಹ್ಯಾಮ್ ಎಲ್ಲಿಟ್ಟಿದೀಯ?"

ಅವನಿಗೆ ಪಂದ್ಯ ಶುರುವಾದದ್ದು ನೆನಪಿತ್ತು, ಮುಗಿದದ್ದು ನೆನಪಿರಲಿಲ್ಲ. ಜಗಳ, ಮುದಿ ಕತ್ತೆ, ಬೆಂಚು, ಯಾವುದೂ ಇರಲಿಲ್ಲ. ತಾವು ಸೋಲುವುದು ಸಾಧ್ಯ ಎಂದು ಅವನಿಗೆ ತೋಚಿಯೂ ಇರಲಿಲ್ಲ. ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು. ಮನೆಯಲ್ಲಿದೆ, ನೀನು ಬರದೆ ಕತ್ತಿ ಹಾಕಬಾರದು ಅಂತ ಹಾಗೇ ನೇತುಹಾಕಿದೀನಿ ಎಂದರು. ಅದೇ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಒಂದು ಇಡೀ ಹ್ಯಾಮ್ ಕೊಂಡು ತಂದು ನಮ್ಮ ಅಡುಗೆಮನೆಯ ತೊಲೆಗೆ ಕಟ್ಟಿದರು. ಪಂದ್ಯದ್ದಕ್ಕಿಂತ ದೊಡ್ಡದನ್ನೇ ತಂದಿದ್ದರು. ಮೇಲಾಗಿ ಬಾರಿಗೆ ಹೋಗಿ, ಲೋರಿಸ್‌ನ ಮುಂದೆ ಯಾರಾದರೂ ಆ ಶನಿವಾರದ ಮಾತೆತ್ತಿದರೆ ಕಾಲುವೆಗೆ ಎತ್ತಿ ಹಾಕುತ್ತೇನೆ ಎಂದು ಹೇಳಿ ಬಂದರು.

ಲೋರಿಸ್ ಮನೆಗೆ ಬಂದಾಗ ಭತ್ತ ಕೊಯ್ದು ಮುಗಿದಿತ್ತು. ಕೋಲು ಹಿಡಿದು ನಡೆಯುತ್ತಿದ್ದ. ಆಯಾಸವಾದರೆ ಬಾಯಿ ಇನ್ನೂ ಸೊಟ್ಟ ಹೋಗುತ್ತಿತ್ತು. ಹೋಗುವುದು ಅವನಿಗೆ ತಿಳಿಯುತ್ತಿರಲಿಲ್ಲ. ಅದು ಹೋಗಲು ಸಮಯ ಬೇಕು, ಹೋಗದೆಯೂ ಇರಬಹುದು ಎಂದಿದ್ದರು ಡಾಕ್ಟರಮ್ಮ. ಒಂದು ಭಾನುವಾರ ಅವರೇ ಲೋರಿಸ್‌ನನ್ನು ನೋಡಲು ನಮ್ಮ ಮನೆಗೆ ಬಂದರು. ಕುಂಬಳಕಾಯಿ ಹೂರಣದ ಕಡುಬು ಮಾಡಿದ್ದೆ. ಊಟವಾದ ಮೇಲೆ ಭಾವ ಜೇಬಿನಿಂದ ಇಸ್ಪೀಟಿನ ಕಟ್ಟು ತೆಗೆದರು. ಒಂದು ಕಡೆ ಅಣ್ಣತಮ್ಮಂದಿರು, ಒಂದು ಕಡೆ ನಾನು ಮತ್ತು ಡಾಕ್ಟರಮ್ಮ. ಡಾಕ್ಟರಮ್ಮ ಚೆನ್ನಾಗಿಯೇ ಆಡುತ್ತಿದ್ದರು, ಭುಜ ಹಾರಿಸುವುದಂತೂ ಗಂಡಸರಿಗಿಂತ ಮೇಲು.

ಮತ್ತೆ ಕೊನೆಯ ಎರಡೆರಡು ಎಲೆ ಉಳಿದವು. ಆಡುವ ಸರದಿ ಭಾವನದ್ದು. ಲೋರಿಸ್ ದಣಿದಿದ್ದ. ಅವನ ಬಾಯಿಯ ಬಲಕೊನೆ ಸೊಟ್ಟ ಹೋಯಿತು. ನಾನು ನೋಡಿದೆ, ಡಾಕ್ಟರಮ್ಮ ನೋಡಿದರು. ಭಾವ ತಮ್ಮನ ಮುಖವನ್ನು ನೋಡುತ್ತಲೇ ಕೂತರು. ಅದು ಮೂರಿನ ಸನ್ನೆಯೋ ಕಾಯಿಲೆಯೋ ಎಂದು ತಿಳಿಯುವ ದಾರಿ ಈ ಭೂಮಿಯ ಮೇಲೆ ಯಾರಿಗೂ ಇರಲಿಲ್ಲ. ಭಾವ ಎಕ್ಕವನ್ನು ತೆಗೆದು ಮೇಜಿನ ಮೇಲಿಟ್ಟರು. ಬಡಿಯಲಿಲ್ಲ, ಇಟ್ಟರು.

ನಾನು ತುರುಪಿನ ಗುಲಾಮ ಹಾಕಿದೆ. ಲೋರಿಸ್ ದೊಣ್ಣೆಯ ನಾಲ್ಕು ಹಾಕಿದ.

ಡಾಕ್ಟರಮ್ಮನೂ ತಮ್ಮ ಎಲೆ ಹಾಕಿದರು. ನಾಲ್ಕೂ ಎಲೆ ಎಳೆದುಕೊಂಡೆ, ಗೆದ್ದೆ. ಲೋರಿಸ್ ಮೇಜನ್ನು ನೋಡಿದ, ತೊಲೆಯಲ್ಲಿ ಅರ್ಧ ತಿಂದು ಮುಗಿದಿದ್ದ ಹ್ಯಾಮ್ ನೋಡಿದ.

"ಅಣ್ಣ, ಇಷ್ಟು ಕೆಟ್ಟದಾಗಿ ಆಡೋ ನಾವು ಆ ಹ್ಯಾಮ್ ಹೇಗೋ ಗೆದ್ವಿ?"

"ನೀನು ಬಾಯಿ ಸೊಟ್ಟ ಮಾಡಿದೆ," ಎಂದರು ಭಾವ. "ನಾನು ನಂಬಿದೆ."

ಡಾಕ್ಟರಮ್ಮ ತಲೆ ತಗ್ಗಿಸಿ ಕೂದಲಲ್ಲಿದ್ದ ಪೆನ್ನನ್ನು ಹುಡುಕತೊಡಗಿದರು. ಭಾವ ಎಲೆಗಳನ್ನೆಲ್ಲ ಕೂಡಿಸಿ ಕಲಸಲು ತಮ್ಮನ ಕೈಗೆ ಕೊಟ್ಟರು. ಆಮೇಲೆ ಹೂಜಿ ಎತ್ತಿ ಅವನ ಲೋಟಕ್ಕೆ ನೀರು ಬಗ್ಗಿಸಿದರು.

"ಕುಡ್ಕೋ. ಹುಡುಗ ಬೆಳಿಗ್ಗೆಯಿಂದ ಬಾಯಾರಿದಾನೆ."